ಕಯೋಟಿ ಬೇಟೆಯ ಜಾಗ: ನಕ್ಷೆಯ ಮೇಲಿನ ಗುರುತು ಸಾಲದು

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ವಾರಾಂತ್ಯದ ಹವ್ಯಾಸಗಳನ್ನು ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಬರಹವನ್ನು ಆಸಕ್ತಿಯಿಂದ ಓದಿದೆ. ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಿಂದ ಶನಿವಾರ ಬೆಳಗಿನ ಜಾವ ಹೊರಟು ಭಾನುವಾರ ಸಂಜೆಯೊಳಗೆ ಮರಳಬಹುದಾದ ಕಯೋಟಿ ಬೇಟೆಯ ಆರು ಜಾಗಗಳನ್ನು ಅದರಲ್ಲಿ ನಕ್ಷೆಯ ಮೇಲೆ ಗುರುತು ಹಾಕಿ ತೋರಿಸಲಾಗಿದೆ. ಬರೆದವರ ಉತ್ಸಾಹದ ಬಗ್ಗೆ ನನಗೆ ಗೌರವವಿದೆ. ಆದರೆ ಆ ಆರು ಗುರುತುಗಳಲ್ಲಿ ಒಂದು ಅಲ್ಲಿನ ಮೂಲನಿವಾಸಿಗಳ ಬುಡಕಟ್ಟು ರಾಷ್ಟ್ರವೊಂದರ ಜಮೀನಿನೊಳಗೆ ಬೀಳುತ್ತದೆ, ಇನ್ನೊಂದು ಸೇನೆಯ ಬಾಂಬ್ ತಾಲೀಮಿನ ವಲಯದೊಳಗೆ ಬೀಳುತ್ತದೆ. ಉಳಿದ ನಾಲ್ಕು ಕಾನೂನಿನ ಪ್ರಕಾರ ಸರಿಯಾಗಿದ್ದರೂ, ಅವನ್ನು ಹೀಗೆ ಸಾವಿರಾರು ಓದುಗರ ಮುಂದೆ ಇಟ್ಟ ಮೇಲೆ ಒಂದೇ ಚಳಿಗಾಲದಲ್ಲಿ ಅವು ಬೇಟೆಗೆ ಬಾರದ ಜಾಗಗಳಾಗುತ್ತವೆ. ಒಂಬತ್ತು ಚಳಿಗಾಲಗಳಿಂದ ಈ ಬೇಟೆಗೆ ಹೋಗುತ್ತಿರುವವನಾಗಿ, ಮತ್ತು ಇದೇ ತಪ್ಪನ್ನು ನಾನೂ ಒಮ್ಮೆ ಮಾಡಿ ಅದರ ಫಲವನ್ನು ಕಣ್ಣಾರೆ ಕಂಡವನಾಗಿ, ನಾಲ್ಕು ಮಾತು ಬರೆಯಲೇಬೇಕೆನಿಸಿತು.

ಈ ಪ್ರಾಣಿಯನ್ನು ನೋಡಿರದ ಓದುಗರಿಗಾಗಿ ಒಂದಿಷ್ಟು ಹೇಳಿ ಮುಂದುವರಿಯುತ್ತೇನೆ. ಕಯೋಟಿ ನಮ್ಮ ನರಿಯ ಹತ್ತಿರದ ನಂಟ. ಕಾಲು ಅದಕ್ಕಿಂತ ಉದ್ದ, ಆಕಾರದಲ್ಲಿ ತೋಳಕ್ಕಿಂತ ಬಹಳ ಚಿಕ್ಕದು. ಅರಿಜೋನಾದ ಮರುಭೂಮಿಯದು ಹತ್ತು ಕಿಲೋ ಆಸುಪಾಸು ತೂಗುತ್ತದೆ, ಬೆಟ್ಟದ ಮೇಲಿನದು ಇನ್ನಷ್ಟು ದಪ್ಪ. ಮೆಕ್ಸಿಕೋದ ನಾವಾಟ್ಲ್ ಭಾಷೆಯ ‘ಕೊಯೋಟ್ಲ್’ ಎಂಬ ಪದದಿಂದ ಅದಕ್ಕೆ ಈ ಹೆಸರು ಬಂದಿದೆ. 1823ರಲ್ಲಿ ಅದಕ್ಕೆ ಕೊಟ್ಟ ವೈಜ್ಞಾನಿಕ ಹೆಸರಿನ ಅರ್ಥ ‘ಬೊಗಳುವ ನಾಯಿ’ ಎಂದು. ಒಂದು ಕಾಲಕ್ಕೆ ಪಶ್ಚಿಮದ ಬಯಲು ಮತ್ತು ಮರುಭೂಮಿಗಳಲ್ಲಿ ಮಾತ್ರ ಇದ್ದ ಈ ಪ್ರಾಣಿ, ತೋಳಗಳನ್ನು ಮನುಷ್ಯ ಅಳಿಸಿಹಾಕಿದ ಮೇಲೆ ತೆರವಾದ ನೆಲವನ್ನೆಲ್ಲ ಹಿಡಿಯುತ್ತ, ಇಂದು ಹವಾಯಿಯೊಂದನ್ನು ಬಿಟ್ಟು ಅಮೆರಿಕದ ಎಲ್ಲ ರಾಜ್ಯಗಳಲ್ಲೂ, ದಕ್ಷಿಣಕ್ಕೆ ಪನಾಮಾದವರೆಗೂ ಹಬ್ಬಿದೆ. ಹೀಗೆ ಎಲ್ಲೆಲ್ಲೂ ಇರುವುದರಿಂದಲೇ ಹೊಸಬರು ‘ಎಲ್ಲಿ ಹೋದರೂ ಸಿಗುತ್ತದೆ’ ಎಂದುಕೊಳ್ಳುತ್ತಾರೆ. ಇರುವುದು ನಿಜ. ಆದರೆ ಅದು ಇರುವ ಜಾಗ ಬೇರೆ, ನಾವು ಬಂದೂಕು ಹಿಡಿದು ನ್ಯಾಯವಾಗಿ ಕೂರಬಹುದಾದ ಜಾಗ ಬೇರೆ, ನಾವು ಪೀಪಿಯಲ್ಲಿ ಹೊರಡಿಸುವ ಮೊಲದ ಚೀರುದನಿಯ ಕರೆಗೆ ಅದು ಓಗೊಟ್ಟು ಎದುರಿಗೆ ಬರುವ ಜಾಗ ಇನ್ನೂ ಬೇರೆ. ಈ ಮೂರೂ ಒಂದೇ ಕಡೆ ಕೂಡಿಬರುವ ತಾಣವನ್ನು ಹುಡುಕುವುದರಲ್ಲಿಯೇ ಈ ಬೇಟೆಯ ಮುಕ್ಕಾಲು ಪಾಲು ಕೆಲಸ ಮುಗಿಯುತ್ತದೆ.

ಮೊದಲು ಜಮೀನಿನ ಒಡೆತನದ ವಿಚಾರ. ಬ್ಯೂರೊ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ಅಚ್ಚುಹಾಕುವ ನಕ್ಷೆಗಳಲ್ಲಿ ನೆಲದ ಒಡೆಯ ಯಾರೆಂಬುದನ್ನು ಬಣ್ಣದಲ್ಲಿ ಕಾಣಿಸಿರುತ್ತಾರೆ. ಹಳದಿ ಆ ಸಂಸ್ಥೆಯದೇ ನೆಲ, ಹಸಿರು ರಾಷ್ಟ್ರೀಯ ಅರಣ್ಯ, ತಿಳಿನೀಲಿ ರಾಜ್ಯದ ಟ್ರಸ್ಟ್ ಜಮೀನು, ಕಿತ್ತಳೆ ಬುಡಕಟ್ಟು ರಾಷ್ಟ್ರಗಳದ್ದು, ಗುಲಾಬಿ ಸೇನೆಯದ್ದು, ಬಿಳಿ ಖಾಸಗಿಯವರದ್ದು. ಮೊಬೈಲಿನ ಬೇಟೆ ಆ್ಯಪ್‌ಗಳಲ್ಲಿಯೂ ಇದೇ ಮಾಹಿತಿ ಸಿಗುತ್ತದೆ, ನಾವು ನಿಂತ ಜಾಗವನ್ನೂ ಅವು ತೋರಿಸುತ್ತವೆ. ಆದರೂ ಕಾಗದದ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು ಒಂದು ಸಂಜೆ ಕುಳಿತರೆ ಸಿಗುವ ಒಟ್ಟು ನೋಟ ಅಂಗೈಯಗಲದ ಪರದೆಯಲ್ಲಿ ಸಿಗುವುದಿಲ್ಲವೆಂಬುದು ನನ್ನ ಅನುಭವ. ಅರಿಜೋನಾದಲ್ಲಿ ಖಾಸಗಿ ಜಮೀನು ಒಟ್ಟು ನೆಲದ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಫೀನಿಕ್ಸ್‌ನ ಈಶಾನ್ಯಕ್ಕೆ ಹಬ್ಬಿರುವ ಟೊಂಟೊ ರಾಷ್ಟ್ರೀಯ ಅರಣ್ಯವೊಂದೇ ಹತ್ತಿರಹತ್ತಿರ 30 ಲಕ್ಷ ಎಕರೆಯಷ್ಟಿದೆ. ಇದಕ್ಕೆ ತದ್ವಿರುದ್ಧವಾಗಿ ಟೆಕ್ಸಸ್‌ನಲ್ಲಿ ನೂರಕ್ಕೆ ಸುಮಾರು 95 ಪಾಲು ನೆಲ ಖಾಸಗಿಯವರದ್ದು. ಅಲ್ಲಿ ಬೇಲಿಗೂಟಕ್ಕೋ ಮರಕ್ಕೋ ನೇರಳೆ ಬಣ್ಣ ಬಳಿದಿದ್ದರೆ ‘ಒಳಗೆ ಬರಕೂಡದು’ ಎಂಬ ಫಲಕಕ್ಕೆ ಅದು ಕಾನೂನಿನ ಪ್ರಕಾರ ಸಮ. ಡಲ್ಲಾಸ್‌ನಲ್ಲಿರುವ ಸ್ನೇಹಿತರು ಅರಿಜೋನಾದ ಕಥೆ ಕೇಳಿ ಹಾಗೆಯೇ ಹೊರಟುಬಿಡಬಾರದೆಂದು ಇದನ್ನು ಹೇಳುತ್ತಿದ್ದೇನೆ.

ಬಣ್ಣ ತಿಳಿದರೆ ಅರ್ಧ ತಿಳಿದಂತೆ, ಉಳಿದರ್ಧ ಆ ಬಣ್ಣದ ಹಿಂದಿರುವ ನಿಯಮ. ಹಳದಿ ಮತ್ತು ಹಸಿರು ನೆಲದಲ್ಲಿ ಸಾಮಾನ್ಯವಾಗಿ ಬೇಟೆಗೆ ಅಡ್ಡಿಯಿಲ್ಲ. ತಿಳಿನೀಲಿ ನೆಲ ಸಾರ್ವಜನಿಕರದ್ದೆಂದು ಹಲವರು ಭಾವಿಸುತ್ತಾರೆ, ಅದು ತಪ್ಪು. ಆ ಜಮೀನಿನ ಆದಾಯ ಶಾಲೆಗಳೇ ಮೊದಲಾದ ಸಂಸ್ಥೆಗಳಿಗೆ ಸೇರಬೇಕೆಂದು ರಾಜ್ಯಕ್ಕೆ ವಹಿಸಿಕೊಟ್ಟದ್ದು. ಬೇಟೆಯ ಪರವಾನಗಿ ಜೇಬಿನಲ್ಲಿದ್ದು, ನಿಜವಾಗಿಯೂ ಬೇಟೆಯಾಡುತ್ತಿರುವವರಿಗೆ ಅರಿಜೋನಾದಲ್ಲಿ ಅಲ್ಲಿ ಪ್ರವೇಶವಿದೆ. ಡಬ್ಬಿ ನಿಲ್ಲಿಸಿ ಗುರಿಯಾಟವಾಡಲು ಬಂದವರಿಗೆ ಇಲ್ಲ. ಗ್ರ್ಯಾಂಡ್ ಕ್ಯಾನ್ಯನ್, ಸಗ್ವಾರೊ ಮುಂತಾದ ರಾಷ್ಟ್ರೀಯ ಉದ್ಯಾನಗಳಲ್ಲಿ ಬೇಟೆ ಸಂಪೂರ್ಣ ನಿಷಿದ್ಧ. ಕಿತ್ತಳೆ ಬಣ್ಣದ ನೆಲವೆಂದರೆ ನವಾಹೊ, ಅಪಾಚಿ ಮೊದಲಾದ ರಾಷ್ಟ್ರಗಳ ಸ್ವಂತ ಆಡಳಿತದ ನೆಲ. ರಾಜ್ಯದ ಪರವಾನಗಿಗೆ ಅಲ್ಲಿ ಬೆಲೆಯಿಲ್ಲ, ಆಯಾ ರಾಷ್ಟ್ರವೇ ಕೊಡುವ ಅನುಮತಿ ಬೇಕು. ಇದು ಬರಿಯ ಕಾನೂನಿನ ಮಾತಲ್ಲ. ನವಾಹೊ ಜನರ ಕಥೆಗಳಲ್ಲಿ ಕಯೋಟಿಗೆ ದೊಡ್ಡ ಸ್ಥಾನವಿದೆ, ಆ ಕಥೆಗಳನ್ನು ಚಳಿಗಾಲದಲ್ಲಿ ಮಾತ್ರ ಹೇಳಬೇಕೆಂಬ ಕಟ್ಟಳೆಯನ್ನು ಇಂದಿಗೂ ಪಾಲಿಸುವವರಿದ್ದಾರೆ. ಅಂಥವರ ನೆಲಕ್ಕೆ ನಕ್ಷೆಯ ಗುರುತೊಂದನ್ನು ನಂಬಿ ಬಂದೂಕು ಹಿಡಿದು ನುಗ್ಗುವುದು ಎಷ್ಟು ಅನುಚಿತವೆಂದು ನಾನು ವಿವರಿಸಬೇಕಾಗಿಲ್ಲ. ಇನ್ನು ತಮ್ಮ ಲೇಖಕರ ಐದನೆಯ ಗುರುತು ಬಿದ್ದಿರುವುದು ಗಿಲಾ ಬೆಂಡ್ ಊರಿನ ದಕ್ಷಿಣಕ್ಕಿರುವ ಬ್ಯಾರಿ ಗೋಲ್ಡ್‌ವಾಟರ್ ವಲಯದಲ್ಲಿ. ಅಲ್ಲಿ ಯುದ್ಧವಿಮಾನಗಳು ತಾಲೀಮು ನಡೆಸುತ್ತವೆ, ಸಿಡಿಯದೆ ಉಳಿದ ಮದ್ದುಗುಂಡುಗಳು ಮರಳಿನಲ್ಲಿ ಬಿದ್ದಿರುತ್ತವೆ. ಸಾರ್ವಜನಿಕರಿಗೆ ತೆರೆದಿರುವ ಭಾಗಗಳಿಗೂ ಸುರಕ್ಷತೆಯ ವಿಡಿಯೊ ನೋಡಿ ಅನುಮತಿಪತ್ರ ಪಡೆದೇ ಹೋಗಬೇಕು. ಮಕ್ಕಳನ್ನು ಕರೆದುಕೊಂಡು ಹೋಗುವವರ ಕೈಗೆ ಈ ಗುರುತು ಸಿಕ್ಕಿದರೆ ಏನಾದೀತೆಂದು ಯೋಚಿಸಿ.

ಪರವಾನಗಿಯ ಬಗ್ಗೆ ಲೇಖನದಲ್ಲಿ ಬಿಟ್ಟುಹೋಗಿರುವ ಒಂದು ಸಂಗತಿ ನಮ್ಮವರಿಗೆ ಬಹು ಮುಖ್ಯವಾದದ್ದು. ಎಚ್-1ಬಿ ಮುಂತಾದ ತಾತ್ಕಾಲಿಕ ವೀಸಾದ ಮೇಲಿರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ವಶದಲ್ಲಿಟ್ಟುಕೊಳ್ಳುವುದು ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಯಾವುದಾದರೂ ರಾಜ್ಯ ಕೊಟ್ಟಿರುವ, ಅವಧಿ ಮುಗಿಯದ ಬೇಟೆ ಪರವಾನಗಿ ಇರುವವರಿಗೆ ಈ ಕಾನೂನಿನಲ್ಲಿ ವಿನಾಯಿತಿಯುಂಟು. ಪರವಾನಗಿಯ ಅವಧಿ ಮುಗಿದ ದಿನ ಆ ವಿನಾಯಿತಿಯೂ ಮುಗಿಯುತ್ತದೆ. ಕೆಲವು ರಾಜ್ಯಗಳಲ್ಲಿ ಕಯೋಟಿ ಬೇಟೆಗೆ ಪರವಾನಗಿಯೇ ಬೇಕಿಲ್ಲ. ಯೂಟಾ ಮತ್ತು ನೆವಾಡ ಅಂಥವು. ‘ಅಲ್ಲಿ ಲೈಸೆನ್ಸ್ ಬೇಡವಂತೆ, ಗೆಳೆಯನ ಬಂದೂಕು ಹಿಡಿದು ಹೋಗೋಣ’ ಎಂದು ಹೊರಡುವ ವೀಸಾದಾರನು ರಾಜ್ಯದ ಕಾನೂನನ್ನು ಮೀರದೆಯೇ ಕೇಂದ್ರದ ಕಾನೂನನ್ನು ಮೀರಿರುತ್ತಾನೆ. ಒಂದು ಶನಿವಾರದ ಹವ್ಯಾಸಕ್ಕಾಗಿ ಈ ದೇಶದಲ್ಲಿ ಕಟ್ಟಿಕೊಂಡ ಬದುಕನ್ನೇ ಪಣಕ್ಕಿಡಬೇಡಿ, ಸಂದೇಹವಿದ್ದರೆ ವಲಸೆ ವಕೀಲರನ್ನು ಕೇಳಿಕೊಂಡೇ ಮುಂದಡಿಯಿಡಿ. ಅರಿಜೋನಾದಲ್ಲಂತೂ ಹತ್ತು ವರ್ಷ ತುಂಬಿದ ಯಾರಿಗೇ ಆಗಲಿ ಪರವಾನಗಿ ಕಡ್ಡಾಯ. ನಾನು ಮೊದಲ ಸಲ ಕೊಂಡಾಗ ನಿವಾಸಿಗಳಿಗೆ ಅದರ ಬೆಲೆ 37 ಡಾಲರ್ ಇತ್ತು. ಕಯೋಟಿಗೆ ಇಲ್ಲಿ ವರ್ಷವಿಡೀ ಋತುವಿದೆ, ಸಂಖ್ಯೆಯ ಮಿತಿಯಿಲ್ಲ. ಆದರೆ ಜನವಸತಿಯ ಮನೆ, ಕಟ್ಟಡಗಳಿಂದ ಕಾಲು ಮೈಲಿಯೊಳಗೆ ಒಪ್ಪಿಗೆಯಿಲ್ಲದೆ ಗುಂಡು ಹಾರಿಸುವಂತಿಲ್ಲ, ವಾಹನದೊಳಗಿನಿಂದ ಹಾರಿಸುವಂತಿಲ್ಲ, ರಸ್ತೆಯ ಮೇಲೆ ನಿಂತು ಇಲ್ಲವೇ ರಸ್ತೆಯನ್ನು ದಾಟಿಸಿ ಹಾರಿಸುವಂತಿಲ್ಲ. ಓಡಾಟ ತಿಳಿಯಲು ಕಾಡಿನಲ್ಲಿ ಕ್ಯಾಮೆರಾ ಕಟ್ಟುವುದನ್ನು 2022ರ ಜನವರಿಯಿಂದ ಬೇಟೆಗಾರರಿಗೆ ನಿಷೇಧಿಸಲಾಗಿದೆ. ಹೀಗಾಗಿ ಜಾಗ ಹುಡುಕಲು ಕಾಲು ಸವೆಸುವುದೊಂದೇ ದಾರಿ, ನನಗಂತೂ ಇದು ಸಂತೋಷದ ಸಂಗತಿ.

ಆ ಕಾಲು ಸವೆಸುವ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಜಾಗದ ಪಟ್ಟಿಯ ಬದಲು ಓದುಗರಿಗೆ ನಿಜವಾಗಿ ಕೊಡಬೇಕಾದದ್ದು ಇದನ್ನೇ. ಮೊದಲ ವಾರಾಂತ್ಯ ಬಂದೂಕನ್ನು ಮನೆಯಲ್ಲಿ ಬಿಟ್ಟು ಹೋಗಬೇಕು. ನಕ್ಷೆಯಲ್ಲಿ ಹಳದಿಯೋ ಹಸಿರೋ ಇರುವ, ದೊಡ್ಡ ರಸ್ತೆಯಿಂದ ದೂರವಿರುವ, ದನಗಳಿಗೆ ನೀರುಣಿಸುವ ಮಣ್ಣಿನ ಕಟ್ಟೆಯೊಂದನ್ನು ಗುರುತಿಸಿಕೊಳ್ಳಿ. ಅರಿಜೋನಾದ ನಕ್ಷೆಗಳಲ್ಲಿ ಇಂಥವನ್ನು ‘ಟ್ಯಾಂಕ್’ ಎಂದೇ ನಮೂದಿಸಿರುತ್ತಾರೆ. ಕಟ್ಟೆಯ ಅಂಚಿನ ಕೆಸರಿನಲ್ಲಿ ಹೆಜ್ಜೆಗಳನ್ನು ನೋಡಿ. ಸಾಕುನಾಯಿಯ ಹೆಜ್ಜೆ ದುಂಡಗೆ, ಬೆರಳುಗಳು ಅಗಲಿಕೊಂಡು, ಅಡ್ಡಾದಿಡ್ಡಿಯಾಗಿ ಓಡಾಡಿದಂತಿರುತ್ತದೆ. ಕಯೋಟಿಯದು ಕೋಳಿಮೊಟ್ಟೆಯ ಆಕಾರದಲ್ಲಿ ಉದ್ದಕ್ಕೆ, ನಡುವಿನ ಎರಡು ಬೆರಳುಗಳ ಉಗುರು ಒಂದಕ್ಕೊಂದು ಹತ್ತಿರವಾಗಿ, ಒಂದರ ಮುಂದೊಂದು ದಾರ ಹಿಡಿದು ಎಳೆದಷ್ಟು ನೆಟ್ಟಗೆ ಸಾಗುತ್ತದೆ. ಎಲ್ಲಿಗೆ ಹೋಗಬೇಕೆಂದು ಅದಕ್ಕೆ ಮೊದಲೇ ಗೊತ್ತಿರುತ್ತದೆ. ಮರಳು ತುಂಬಿದ ಒಣಹಳ್ಳಗಳು ಅದರ ಹೆದ್ದಾರಿಗಳು. ಎರಡು ಹಳ್ಳಗಳು ಕೂಡುವಲ್ಲಿ, ಗಾಡಿಜಾಡುಗಳು ಸಂಧಿಸುವಲ್ಲಿ, ಬೇಲಿಯ ಕೆಳತಂತಿಯಡಿ ನೆಲ ಸವೆದು ಹಳ್ಳಬಿದ್ದಲ್ಲಿ ಅದರ ಹಿಕ್ಕೆ ಬಿದ್ದಿರುತ್ತದೆ. ಕಡ್ಡಿಯಿಂದ ಬಿಡಿಸಿ ನೋಡಿದರೆ ಆ ತಿಂಗಳ ಊಟದ ಲೆಕ್ಕ ಸಿಗುತ್ತದೆ. ಬೇಸಿಗೆಯಲ್ಲಿ ನಮ್ಮ ಬಳ್ಳಾರಿ ಜಾಲಿಯ ಒಡಹುಟ್ಟಾದ ಮೆಸ್ಕೀಟ್ ಮರದ ಕಾಯಿಬೀಜ, ಆಮೇಲೆ ಪಾಪಾಸುಕಳ್ಳಿಯ ಹಣ್ಣಿನ ಕೆಂಪು, ಚಳಿಗಾಲದಲ್ಲಿ ಮೊಲದ ಕೂದಲು ಮತ್ತು ಇಲಿಯ ಮೂಳೆ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ, ಹುಳುವಿನ ಮೊಟ್ಟೆಗಳಿರುತ್ತವೆ. ಹಿಕ್ಕೆಯಲ್ಲಿ ಮೊಲದ ಕೂದಲು ಕಂಡಲ್ಲಿ ಮೊಲದ ಚೀರುದನಿಗೆ ಕಯೋಟಿ ಬರುತ್ತದೆ, ಹಣ್ಣು ತಿಂದು ಹೊಟ್ಟೆ ತುಂಬಿಸಿಕೊಂಡ ಕಾಲದಲ್ಲಿ ಅಷ್ಟಾಗಿ ಬರುವುದಿಲ್ಲ.

ಸಂಜೆ ಹೊತ್ತು ಮುಳುಗಿದ ಮೇಲೂ ಅರ್ಧ ಗಂಟೆ ಎತ್ತರದ ದಿಣ್ಣೆಯೊಂದರ ಮೇಲೆ ಸುಮ್ಮನೆ ಕುಳಿತಿರಿ. ಮೊದಲೊಂದು ಕೂಗು, ಮತ್ತೆ ಅದಕ್ಕೆ ಉತ್ತರ, ಆಮೇಲೆ ಇಡೀ ಕಣಿವೆ ತುಂಬಿದಂತೆ ಕಿರಿಚಾಟ ಕೇಳಿಸುತ್ತದೆ. ಇಪ್ಪತ್ತು ಇರಬಹುದೆನಿಸಿದರೂ ಸಾಮಾನ್ಯವಾಗಿ ಇರುವುದು ಒಂದು ಜೋಡಿ ಮತ್ತು ಅದರ ಮರಿಗಳಷ್ಟೇ. ದನಿಯನ್ನು ಏರಿಳಿಸಿ, ಮುರಿದು, ಬಹಳ ಮಂದಿಯಿರುವಂತೆ ತೋರಿಸುವುದು ಅದರ ರೂಢಿ. ದನಿ ಬಂದ ದಿಕ್ಕನ್ನೂ ಸಮಯವನ್ನೂ ಚಿಕ್ಕ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಮೂರು ಸಂಜೆ ಹೀಗೆ ಬರೆದಿಟ್ಟರೆ ಯಾರ ಸಹಾಯವೂ ಇಲ್ಲದೆ ನಿಮ್ಮದೇ ಒಂದು ನಕ್ಷೆ ಸಿದ್ಧವಾಗುತ್ತದೆ. ಒಂದು ಎಚ್ಚರಿಕೆ: ಸುತ್ತಮುತ್ತ ಬೇರೆ ನೀರಿಲ್ಲದ ಕಟ್ಟೆಯ ಬಳಿ ಕಾಲು ಮೈಲಿಯೊಳಗೆ ಡೇರೆ ಹಾಕುವುದಕ್ಕೆ ಅರಿಜೋನಾದಲ್ಲಿ ಕಾನೂನಿನ ತಡೆಯಿದೆ. ನಾವು ಅಲ್ಲಿ ಬೀಡುಬಿಟ್ಟರೆ ಜಿಂಕೆ, ದನ ಎಲ್ಲವೂ ರಾತ್ರಿಯಿಡೀ ಬಾಯಾರಿ ನಿಲ್ಲಬೇಕಾಗುತ್ತದೆ.

ಜಾಗ ಸಿಕ್ಕಿದರೂ ಕೂರುವ ಮಗ್ಗುಲು ತಪ್ಪಿದರೆ ಪ್ರಯೋಜನವಿಲ್ಲ. ನನ್ನ ಮೊದಲ ಬೆಳಗನ್ನು ಇಂದಿಗೂ ಮರೆತಿಲ್ಲ. ವಿಕನ್‌ಬರ್ಗ್‌ನ ಪಶ್ಚಿಮಕ್ಕೆ, ಡಿಸೆಂಬರ್ ತಿಂಗಳ ನಡುಗುವ ಚಳಿಯಲ್ಲಿ, ಒಣಹಳ್ಳದ ಕಡೆಗೆ ಮುಖಮಾಡಿ ಪೊದೆಯೊಂದಕ್ಕೆ ಬೆನ್ನುಕೊಟ್ಟು ಕುಳಿತು, ಮೊಲದ ದನಿ ಹೊರಡಿಸುವ ಪೀಪಿಯನ್ನು ಇಪ್ಪತ್ತು ನಿಮಿಷ ಊದಿದೆ. ಏನೂ ಬರಲಿಲ್ಲ. ಎದ್ದು, ಬಂದ ದಾರಿಯಲ್ಲಿಯೇ ಕಾರಿನತ್ತ ಹೊರಟಾಗ, ನಾನು ಕುಳಿತಿದ್ದ ಜಾಗದಿಂದ ನಲವತ್ತು ಹೆಜ್ಜೆ ಹಿಂದೆ, ಮರಳಿನಲ್ಲಿ ಮೂಡಿದ್ದ ನನ್ನದೇ ಬೂಟಿನ ಗುರುತಿನ ಮೇಲೆ ಹಸಿಯಾದ ಹೆಜ್ಜೆಯೊಂದು ಅಚ್ಚೊತ್ತಿತ್ತು. ಅದರ ಅಂಚಿನ ಮರಳು ಇನ್ನೂ ಕುಸಿಯುತ್ತಿತ್ತು. ಕಯೋಟಿ ಕರೆಗೆ ಬಂದಿತ್ತು. ಸುತ್ತುಹಾಕಿ, ಗಾಳಿ ನನ್ನ ವಾಸನೆಯನ್ನು ಹೊತ್ತು ತರುವ ಬೆನ್ನಿನ ಕಡೆಯಿಂದ ಬಂದು, ನಿಂತು, ನನ್ನನ್ನು ನೋಡಿ ಹೋಗಿತ್ತು. ಮೂಗಿಗೆ ಖಾತರಿಯಾಗದ ಹೊರತು ಅದು ಕಣ್ಣನ್ನೂ ಕಿವಿಯನ್ನೂ ನಂಬುವುದಿಲ್ಲ. ಆದ್ದರಿಂದ ಗಾಳಿ ನಮ್ಮ ಮೋರೆಗೆ ಇಲ್ಲವೇ ಒಂದು ಕೆನ್ನೆಗೆ ಬಡಿಯುವಂತೆ ಕುಳಿತು, ಅದು ಸುತ್ತುಹಾಕಿ ಗಾಳಿಯ ಕೆಳಬದಿಗೆ ಬರುವ ದಾರಿ ಬಯಲಾಗಿ ಕಣ್ಣಿಗೆ ಬೀಳುವಂಥ ಮಗ್ಗುಲನ್ನು ಆಯಬೇಕು. ಮುಖಕ್ಕೆ ಹಚ್ಚುವ ಪೌಡರನ್ನು ಚಿಕ್ಕ ಶೀಸೆಯಲ್ಲಿಟ್ಟುಕೊಂಡು ಒಂದು ಚಿಟಿಕೆ ತೂರಿದರೆ ಗಾಳಿಯ ನಡೆ ಕಾಣುತ್ತದೆ. ಬೆಳಗ್ಗೆ ಸೂರ್ಯ ಬೆನ್ನಿಗಿರಲಿ, ಕಾರನ್ನು ದಿಣ್ಣೆಯ ಮರೆಯಲ್ಲಿ ನಿಲ್ಲಿಸಿ, ಬಾಗಿಲನ್ನು ಸದ್ದಾಗದಂತೆ ಒತ್ತಿ ಮುಚ್ಚಿ. ಹದಿನೈದಿಪ್ಪತ್ತು ನಿಮಿಷ ಕುಳಿತು ಬರದಿದ್ದರೆ ಒಂದು ಮೈಲಿಯಾಚೆ ಮತ್ತೊಂದು ಕಡೆ ಕೂರಿ. ಒಂದು ಬೆಳಗಿಗೆ ಐದಾರು ಕಡೆ ಹೀಗೆ ಕೂತೆದ್ದು, ಬರಿಗೈಯಲ್ಲಿ ಮರಳುವ ದಿನಗಳೇ ಹೆಚ್ಚೆಂಬುದನ್ನು ಮೊದಲೇ ಒಪ್ಪಿಕೊಂಡಿರಿ. ಬಂದೂಕಿನ ಮಾದರಿಯ ಬಗ್ಗೆ ಲೇಖಕರು ಬರೆದಿರುವುದೆಲ್ಲ ಸರಿಯಾಗಿದೆ, ನಾನು ಸೇರಿಸಬೇಕಾದದ್ದೇನೂ ಇಲ್ಲ.

ಕಾಲದ ವಿಚಾರದಲ್ಲಿ ನನ್ನದೊಂದು ಭಿನ್ನಾಭಿಪ್ರಾಯವಿದೆ. ವರ್ಷವಿಡೀ ಬೇಟೆಗೆ ಕಾನೂನಿನ ಅವಕಾಶವಿದ್ದರೂ ವರ್ಷವಿಡೀ ಆಡಬೇಕಾಗಿಲ್ಲ. ಜನವರಿಯಿಂದ ಮಾರ್ಚ್‌ವರೆಗೆ ಜೋಡಿಗಳು ಕೂಡುತ್ತವೆ, ಎರಡು ತಿಂಗಳು ಕಳೆದು ಏಪ್ರಿಲ್, ಮೇ ಹೊತ್ತಿಗೆ ಮರಿಗಳಾಗುತ್ತವೆ. ಆ ದಿನಗಳಲ್ಲಿ ತಾಯಿಯನ್ನು ಹೊಡೆದರೆ ಬಿಲದೊಳಗಿನ ಐದಾರು ಮರಿಗಳು ಹಸಿದು ಸಾಯುತ್ತವೆ. ಕರುಗಳನ್ನು ಕಾಯುವ ರಾಂಚ್ ಎಂಬ ದನ ಸಾಕುವ ದೊಡ್ಡ ಜಮೀನುಗಳವರಿಗೆ ಅನಿವಾರ್ಯತೆ ಇರಬಹುದು, ವಾರಾಂತ್ಯಕ್ಕೆ ಹೋಗುವ ನಮಗೆ ಯಾವ ಅನಿವಾರ್ಯತೆಯೂ ಇಲ್ಲ. ನಾನು ನವೆಂಬರ್‌ನಿಂದ ಫೆಬ್ರುವರಿಯ ಮೊದಲ ವಾರದವರೆಗೆ ಮಾತ್ರ ಹೋಗುತ್ತೇನೆ. ಹಾಗೆಯೇ, ಕಯೋಟಿಗಳನ್ನು ಹೊಡೆದು ನಾವೇನೋ ಲೋಕೋಪಕಾರ ಮಾಡುತ್ತಿದ್ದೇವೆಂಬ ಧಾಟಿಯನ್ನೂ ನಾನು ಒಪ್ಪಲಾರೆ. ಕೇಂದ್ರ ಸರ್ಕಾರದ ವನ್ಯಜೀವಿ ಸೇವಾ ವಿಭಾಗವೇ ವರ್ಷಕ್ಕೆ 60 ಸಾವಿರದ ಆಸುಪಾಸು ಕಯೋಟಿಗಳನ್ನು ಕೊಲ್ಲುತ್ತ ಬಂದಿದೆ. ಇದಕ್ಕೆ ದಾರಿಮಾಡಿದ ಕಾನೂನು 1931ರದ್ದು. ಆಮೇಲೂ ಪ್ರಾಣಿ ಕಡಿಮೆಯಾಗಲಿಲ್ಲ, ಖಂಡದ ತುಂಬ ಹಬ್ಬಿತು. ಒಂದು ಜೋಡಿ ಹೋದರೆ ಆ ಸೀಮೆಯನ್ನು ಮತ್ತೊಂದು ಹಿಡಿಯುತ್ತದೆ, ಉಳಿದವುಗಳಿಗೆ ಮೇವು ಹೆಚ್ಚಾಗಿ ಹೆಚ್ಚು ಮರಿಗಳು ಬದುಕುತ್ತವೆ. ನಿರ್ದಿಷ್ಟವಾದ ಒಂದು ರಾಂಚ್‌ನಲ್ಲಿ, ಕರು ಹಾಕುವ ತಿಂಗಳಿಗೆ ಮುಂಚೆ, ಅಲ್ಲಿಗೇ ಬರುವ ಒಂದೆರಡನ್ನು ತೆಗೆದರೆ ಆ ಮನೆಯವರಿಗೆ ಆ ವರ್ಷ ನೆರವಾಗಬಹುದು. ಅದಕ್ಕಿಂತ ಹೆಚ್ಚಿನದನ್ನು ನಾವು ಹೇಳಿಕೊಳ್ಳಬಾರದು. ಯಾರು ಹೆಚ್ಚು ಹೊಡೆದರೆಂದು ಬಹುಮಾನ ಕೊಡುವ ಪಂದ್ಯಗಳನ್ನು ಕ್ಯಾಲಿಫೋರ್ನಿಯಾ 2014ರಲ್ಲಿಯೇ ನಿಷೇಧಿಸಿತು, ಅರಿಜೋನಾ ಮತ್ತು ನ್ಯೂ ಮೆಕ್ಸಿಕೊ 2019ರಲ್ಲಿ ನಿಷೇಧಿಸಿದವು. ಅದು ಸರಿಯಾದ ಕೆಲಸವೆಂದೇ ನನ್ನಂಥ ಬಹಳಷ್ಟು ಬೇಟೆಗಾರರು ನಂಬುತ್ತೇವೆ.

ಈಗ ನಾನು ಮಾಡಿದ ತಪ್ಪಿನ ವಿಷಯ. ಫೀನಿಕ್ಸ್‌ನಿಂದ ಮೂರು ಗಂಟೆಯ ದಾರಿಯಲ್ಲಿ, ಹುಲ್ಲುಗಾವಲಿನ ನಡುವೆ, ಒಂದು ರಾಂಚ್ ಇದೆ. ಅದರ ಒಡತಿ ಎಪ್ಪತ್ತು ದಾಟಿದ ಹೆಂಗಸು. ನಾನು ಬೇಟೆಗೆ ತೊಡಗಿದ ಮೂರನೆಯ ವರ್ಷ, ಅಕ್ಟೋಬರ್ ತಿಂಗಳಲ್ಲಿ, ಮಧ್ಯಾಹ್ನದ ಹೊತ್ತು, ಬಂದೂಕಿಲ್ಲದೆ, ಒಗೆದ ಬಟ್ಟೆ ತೊಟ್ಟು ಅವರ ಮನೆಯ ಮುಂದೆ ಕಾರು ನಿಲ್ಲಿಸಿ, ಹೆಸರು, ಊರು, ಕೆಲಸ ಹೇಳಿ, ಚಳಿಗಾಲದಲ್ಲಿ ಕಯೋಟಿ ಬೇಟೆಗೆ ತಮ್ಮ ಜಮೀನಿಗೆ ಬರಬಹುದೇ ಎಂದು ಕೇಳಿದೆ. ಅವರು ತಕ್ಷಣ ಹೌದೆನ್ನಲಿಲ್ಲ. ಗೇಟು ದಾಟಿದ ಮೇಲೆ ಏನು ಮಾಡುತ್ತೀರೆಂದು ಕೇಳಿದರು. ಮುಚ್ಚಿದ್ದರೆ ಮುಚ್ಚುತ್ತೇನೆ, ತೆರೆದಿದ್ದರೆ ತೆರೆದೇ ಬಿಡುತ್ತೇನೆ ಎಂದೆ. ಆ ಒಂದು ಉತ್ತರಕ್ಕಾಗಿಯೇ ಒಪ್ಪಿದರೆಂದು ಆಮೇಲೆ ಹೇಳಿದರು. ದನಗಳನ್ನು ನೀರಿಗೆ ಬಿಡಲೆಂದು ಬೇಕೆಂದೇ ತೆರೆದಿಟ್ಟ ಗೇಟನ್ನು ಪೇಟೆಯವರು ಉಪಕಾರವೆಂದುಕೊಂಡು ಮುಚ್ಚಿಹೋಗುತ್ತಾರಂತೆ. ದನದ ಮೇವಿನ ಬಿಲ್ಲಿನ ಹಿಂಬದಿಯಲ್ಲಿ ಅನುಮತಿ ಬರೆದು ಸಹಿ ಹಾಕಿಕೊಟ್ಟರು. ಮಳೆಯಾದ ಮೇಲೆ ಹಸಿ ದಾರಿಯಲ್ಲಿ ಗಾಡಿ ಓಡಿಸಬಾರದು, ಬರುವ ಮುನ್ನಾ ದಿನ ಫೋನು ಮಾಡಬೇಕು, ಹೊಡೆದದ್ದನ್ನು ಬಿಟ್ಟುಹೋಗಬಾರದು ಎಂದು ಮೂರು ಕರಾರು. ನಾಲ್ಕು ಚಳಿಗಾಲ ಆ ಕರಾರುಗಳನ್ನು ಚಾಚೂ ತಪ್ಪದೆ ಪಾಲಿಸಿದೆ. ಮುರಿದ ಬೇಲಿ ಕಂಡರೆ ಫೋಟೊ ತೆಗೆದು ಕಳುಹಿಸುತ್ತಿದ್ದೆ, ಒಂದು ಸಲ ಹಳ್ಳದಲ್ಲಿ ಸಿಕ್ಕಿಕೊಂಡಿದ್ದ ಕರುವೊಂದನ್ನು ಎಬ್ಬಿಸಿ ತಾಯಿಯ ಬಳಿ ಸೇರಿಸಿದೆ. ಸಾರ್ವಜನಿಕ ನೆಲದಲ್ಲಿ ಒಂದು ಇಡೀ ಋತುವಿನಲ್ಲಿ ನೋಡುವಷ್ಟು ಕಯೋಟಿಗಳನ್ನು ಅಲ್ಲಿ ಒಂದೇ ಬೆಳಗಿನಲ್ಲಿ ನೋಡಿದ್ದೇನೆ.

ಆ ರಾಂಚ್‌ಗೆ ಹೋಗತೊಡಗಿದ ಐದನೆಯ ವರ್ಷ, ಹೊಸದಾಗಿ ಬೇಟೆ ಕಲಿಯುತ್ತಿದ್ದ ಪರಿಚಿತರೊಬ್ಬರು ಒಳ್ಳೆಯ ಜಾಗ ಹೇಳಿರೆಂದು ಪದೇ ಪದೇ ಕೇಳಿದಾಗ, ಇಲ್ಲವೆನ್ನಲಾರದೆ, ನಮ್ಮ ವಾಟ್ಸಾಪ್ ಗುಂಪಿನಲ್ಲಿ ಆ ಗೇಟಿನ ಲೊಕೇಶನ್ ಕಳುಹಿಸಿದೆ. ಒಡತಿಗೆ ಫೋನು ಮಾಡಿ ಕೇಳಿಕೊಂಡು ಹೋಗಿ ಎಂದು ಕೆಳಗೆ ಬರೆದಿದ್ದೆ. ಗುರುತು ಮುಂದಕ್ಕೆ ಹೋಯಿತು, ಬರೆದ ಮಾತು ಹಿಂದೆಯೇ ಉಳಿಯಿತು. ಮುಂದಿನ ತಿಂಗಳು ನಾನು ಹೋದಾಗ ಗೇಟಿಗೆ ಸರಪಳಿ ಬಿಗಿದು ಬೀಗ ಹಾಕಿತ್ತು. ಬೇಲಿಗೆ ಎರಡು ಕಯೋಟಿಗಳ ಹೆಣ ತೂಗುಹಾಕಿದ್ದರು, ಅವುಗಳ ಕೆಳಗೆ ಗುಂಡಿನ ಖಾಲಿ ತೋಟೆಗಳೂ ತಂಪುಪಾನೀಯದ ಡಬ್ಬಿಗಳೂ ಬಿದ್ದಿದ್ದವು. ಹಸಿ ಮಣ್ಣಿನಲ್ಲಿ ಎರಡು ಗಾಡಿಗಳು ಹೂತು ಮೇಲೆದ್ದ ಗಾಲಿಗುಂಡಿಗಳು ಮೊಳಕಾಲುದ್ದ ಇದ್ದವು. ಫೋನು ಮಾಡಿದೆ. ಅವರು ರೇಗಲಿಲ್ಲ. ‘ನಿಮ್ಮ ಜನ ಬಂದಿದ್ದರು’ ಎಂದಷ್ಟೇ ಹೇಳಿ, ಇನ್ನು ಯಾರನ್ನೂ ಬಿಡುವುದಿಲ್ಲ, ನಿಮ್ಮನ್ನೂ ಕೂಡ ಎಂದರು. ಕ್ಷಮೆ ಕೇಳಿದೆ, ಮುಂದಿನ ಶನಿವಾರ ಸಲಿಕೆ ಹಿಡಿದು ಹೋಗಿ ದಾರಿಯನ್ನು ಸಮ ಮಾಡಿಕೊಟ್ಟು ಬಂದೆ. ಬೀಗ ಮಾತ್ರ ತೆರೆಯಲಿಲ್ಲ. ‘ನಿಮ್ಮ ಜನ’ ಎಂಬ ಆ ಎರಡು ಪದಗಳು ಇಂದಿಗೂ ನನ್ನನ್ನು ಚುಚ್ಚುತ್ತವೆ, ಏಕೆಂದರೆ ಅದು ನಿಜವೇ ಆಗಿತ್ತು.

ಹೊಡೆದದ್ದನ್ನು ಬಿಟ್ಟುಬರುವ ಅಭ್ಯಾಸದ ಬಗ್ಗೆ ಇನ್ನೊಂದು ಮಾತು. ಚಳಿಗಾಲದ ಜಾಕೆಟ್‌ಗಳ ತಲೆಮುಸುಕಿನ ಅಂಚಿಗೆ ಕಯೋಟಿಯ ತುಪ್ಪಳ ಹೊಲಿಯುತ್ತಿದ್ದ ಕೆನಡಾ ಗೂಸ್ ಕಂಪನಿ 2021ರಲ್ಲಿ ತುಪ್ಪಳದ ಬಳಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ತೊಗಲಿಗೆ ಗಿರಾಕಿ ಕಡಿಮೆಯಾದಷ್ಟೂ ಸುಲಿಯುವ ಗೋಜಿಗೆ ಹೋಗದೆ ಹಾಗೆಯೇ ಬಿಟ್ಟುಬರುವ ಮನಸ್ಸು ಹೆಚ್ಚುತ್ತದೆ. ಸೀಸದ ಗುಂಡು ಮೂಳೆಗೆ ಬಡಿದು ಸಾಸಿವೆಗಿಂತ ಸಣ್ಣ ಚೂರುಗಳಾಗಿ ಮಾಂಸದ ತುಂಬ ಹರಡಿರುತ್ತದೆ, ಹೆಣವನ್ನು ತಿನ್ನಲು ಬರುವ ಹದ್ದುಗಳಿಗೆ ಅದೇ ವಿಷ. ಉತ್ತರ ಅರಿಜೋನಾದಲ್ಲಿ 1996ರಿಂದ ಮತ್ತೆ ಬಿಡುಗಡೆ ಮಾಡಲಾಗುತ್ತಿರುವ ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ಬೃಹತ್ ರಣಹದ್ದಿನ ಸಾವಿಗೆ ಮುಖ್ಯ ಕಾರಣವೇ ಸೀಸ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷಿದ್ಧ. ಅರಿಜೋನಾದಲ್ಲಿ ಅಂಥ ಕಡ್ಡಾಯವಿಲ್ಲದಿದ್ದರೂ ನಾನು ತಾಮ್ರದ ಗುಂಡನ್ನೇ ಬಳಸುತ್ತೇನೆ. ನಾಲ್ಕು ಕಾಸು ಹೆಚ್ಚಾಗುತ್ತದೆ, ಆಗಲಿ.

ಕೊನೆಯದಾಗಿ, ಪೂರ್ವ ಅರಿಜೋನಾದ ಬೆಟ್ಟಗಳಿಗೆ ಹೋಗುವವರು ಟ್ರಿಗರ್ ಮೇಲೆ ಬೆರಳಿಡುವ ಮುನ್ನ ಎರಡು ಸಲ ನೋಡಬೇಕು. ಅಲ್ಲಿ 1998ರಿಂದ ಮೆಕ್ಸಿಕನ್ ತೋಳವನ್ನು ಮರಳಿ ನೆಲೆಗೊಳಿಸುವ ಕೆಲಸ ನಡೆದಿದೆ, ಅದಕ್ಕೆ ಕೇಂದ್ರ ಕಾನೂನಿನ ರಕ್ಷಣೆಯಿದೆ. ತೋಳ ಕಯೋಟಿಯ ಎರಡು ಮೂರು ಪಟ್ಟು ತೂಗುತ್ತದೆ, ಮೂತಿ ಅಗಲ, ಕಿವಿ ಚಿಕ್ಕದಾಗಿ ದುಂಡಗೆ, ಪಾದ ದೊಡ್ಡದು. ಹಲವಕ್ಕೆ ಕೊರಳಲ್ಲಿ ರೇಡಿಯೊ ಪಟ್ಟಿಯೂ ಇರುತ್ತದೆ. ಪುಸ್ತಕದಲ್ಲಿ ಈ ಭೇದ ಸುಲಭ. ಮಸುಕಿನಲ್ಲಿ, ಇನ್ನೂರು ಗಜದಾಚೆ, ಎದೆ ಡವಗುಟ್ಟುತ್ತಿರುವಾಗ ಸುಲಭವಲ್ಲ. ಉತ್ತರ ಕೆರೊಲೈನಾ ರಾಜ್ಯದ ಪೂರ್ವ ತೀರದ ಐದು ಕೌಂಟಿಗಳಲ್ಲಿ, ಅಂದರೆ ಜಿಲ್ಲೆಗಳಲ್ಲಿ, ಕೆಂಪು ತೋಳಗಳನ್ನು ಕಯೋಟಿಯೆಂದು ತಿಳಿದು ಹೊಡೆಯುತ್ತಿದ್ದಾರೆಂಬ ಕಾರಣಕ್ಕೆ ನ್ಯಾಯಾಲಯವೇ 2014ರಲ್ಲಿ ಮಧ್ಯೆ ಪ್ರವೇಶಿಸಿ ಕಯೋಟಿ ಬೇಟೆಗೆ ತಡೆ ಹಾಕಬೇಕಾಯಿತು. ಮೊಲದ ಕರೆಗೆ ಬೂದುನರಿ, ಬಾಬ್‌ಕ್ಯಾಟ್ ಎಂಬ ಕಾಡುಬೆಕ್ಕು ಕೂಡ ಬರುತ್ತವೆ. ಅವುಗಳ ಋತು ಬೇರೆ, ನಿಯಮ ಬೇರೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಬುಡಕಟ್ಟು ರಾಷ್ಟ್ರದ ಜಮೀನಿನಲ್ಲಿಯೂ ಗೋಲ್ಡ್‌ವಾಟರ್ ವಲಯದಲ್ಲಿಯೂ ಬಿದ್ದಿರುವ ಎರಡು ಗುರುತುಗಳು ತಪ್ಪೆಂದು ದಯವಿಟ್ಟು ಮುಂದಿನ ಭಾನುವಾರದ ಪುರವಣಿಯಲ್ಲಿಯೇ ತಿದ್ದುಪಡಿ ಪ್ರಕಟಿಸಿ, ಈ ಚಳಿಗಾಲಕ್ಕೆ ಹೊರಡುವವರು ಈಗಾಗಲೇ ಸಿದ್ಧತೆ ನಡೆಸುತ್ತಿರುತ್ತಾರೆ. ವೀಸಾ ಕುರಿತ ಕಾನೂನಿನ ಸಂಗತಿಯನ್ನು ಅದರ ಜೊತೆಗೇ ಸೇರಿಸಿ. ಉಳಿದ ನಾಲ್ಕು ಗುರುತುಗಳನ್ನು ಮತ್ತೆ ಮುದ್ರಿಸದೆ, ಅವುಗಳ ಬದಲು ನಕ್ಷೆಯ ಬಣ್ಣಗಳನ್ನು ಓದುವ ಬಗೆಯನ್ನು ಲೇಖಕರೇ ಒಂದು ಅಂಕಣದಲ್ಲಿ ಬರೆದುಕೊಟ್ಟರೆ ಹೊಸಬರಿಗೆ ಹೆಚ್ಚು ಉಪಯೋಗವಾಗುತ್ತದೆ. ಅವರು ಒಪ್ಪಿದರೆ ನನ್ನ ಬಳಿಯಿರುವ ಹಳೆಯ ನಕ್ಷೆಗಳನ್ನೂ ಒಂಬತ್ತು ವರ್ಷದ ಟಿಪ್ಪಣಿಯ ಪುಸ್ತಕಗಳನ್ನೂ ಕೊಡ ಮಾಡಲು ಸಿದ್ಧನಿದ್ದೇನೆ. ಆ ರಾಂಚ್‌ನ ಗೇಟಿನ ಬೀಗ ಹಾಗೆಯೇ ಇದೆ. ಬರುವ ಅಕ್ಟೋಬರ್‌ನಲ್ಲಿ, ಮೊದಲ ಸಲ ಹೋದಂತೆಯೇ ಬಂದೂಕಿಲ್ಲದೆ ಹೋಗಿ, ಬೇಟೆಯ ಮಾತೆತ್ತದೆ, ಬೇಲಿ ರಿಪೇರಿಗೆ ಒಬ್ಬ ಆಳು ಬೇಕೇ ಎಂದು ಕೇಳಿಬರುವವನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ
ಫೀನಿಕ್ಸ್, ಅರಿಜೋನಾ